ರಂಗಶಿಕ್ಷಣದಲ್ಲಿ ಅಧಿಕಾರಿ ಯಾರು?

ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ಪೂರ್ವಿಕರು ನಾಲ್ಕು ಸಂಗತಿಗಳನ್ನು ಮೊದಲೇ ನಿಶ್ಚಯಿಸಿಕೊಳ್ಳುತ್ತಿದ್ದರು: ಗ್ರಂಥದ ವಿಷಯವೇನು, ಅದರಿಂದಾಗುವ ಪ್ರಯೋಜನವೇನು, ಇವೆರಡಕ್ಕೂ ಇರುವ ಸಂಬಂಧವೇನು, ಅದನ್ನು ಅಭ್ಯಾಸಮಾಡಲು ಅಧಿಕಾರಿ ಯಾರು. ಇವುಗಳಲ್ಲಿ ಅಧಿಕಾರಿಯ ವಿಚಾರವು ಈಗಿನ ವಿದ್ಯಾಶಾಲೆಗಳಲ್ಲಿ ಬಹುಮಟ್ಟಿಗೆ ಮರೆತುಹೋಗಿದೆ. ಶುಲ್ಕವನ್ನು ತೆತ್ತು ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾದವನೇ ಅಧಿಕಾರಿ ಎಂಬುದು ಇಂದಿನ ನಿರ್ಣಯ. ಗಣಿತಕ್ಕೆ ಈ ನಿರ್ಣಯ ಸಾಕಾದೀತು. ಸಮೀಕರಣವನ್ನು ಯಾರು ಬಿಡಿಸಿದರೂ, ತಪ್ಪಾಗಿ ಬಿಡಿಸಿದರೂ ಸಮೀಕರಣಕ್ಕೆ ನೋವಾಗುವುದಿಲ್ಲ. ಆದರೆ ಕಲಿತುದನ್ನು ಜೀವಂತ ಮನುಷ್ಯರ ಸುಖದುಃಖಗಳ ಮೇಲೆಯೇ ಪ್ರಯೋಗಿಸಬೇಕಾದ ವಿದ್ಯೆಗಳೂ ಕೆಲವುಂಟು. ವೈದ್ಯವು ಅಂಥದು. ಈಚಿನ ಮೂರು ನಾಲ್ಕು ದಶಕಗಳಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳಲ್ಲಿ ನೆಲೆಗೊಂಡ 'ಅನ್ವಯಿಕ ರಂಗಭೂಮಿ' ಎಂಬ ಸ್ನಾತಕೋತ್ತರ ಶಿಕ್ಷಣವೂ ಅಂಥದೇ.

ಹೆಸರು ಹೊಸದಾದುದರಿಂದ ಅದರ ಅರ್ಥವನ್ನು ಮೊದಲು ಹೇಳುವುದು ಉಚಿತ. ಟಿಕೆಟು ಕೊಂಡು ಬಂದವರ ಮುಂದೆ ನಾಟಕಮಂದಿರದಲ್ಲಿ ಆಡುವುದಕ್ಕಲ್ಲದೆ, ಪಾಠಶಾಲೆ, ಸೆರೆಮನೆ, ಆಸ್ಪತ್ರೆ, ವೃದ್ಧರ ವಸತಿ, ನಿರಾಶ್ರಿತರ ಶಿಬಿರ, ಕೂಲಿಗಾರರ ಕೇರಿ ಮುಂತಾದೆಡೆಗಳಿಗೆ ಹೋಗಿ, ಅಲ್ಲಿಯ ಜನರೊಡನೆ ಕಲೆತು, ಅನೇಕವೇಳೆ ಅವರ ಬದುಕನ್ನೇ ವಸ್ತುವಾಗಿಟ್ಟುಕೊಂಡು ಅವರಿಂದಲೇ ನಾಟಕವಾಡಿಸುವ ವಿದ್ಯೆಯಿದು. 1906ರಲ್ಲಿ ಎಲ್ಸಿ ಫೋಗರ್ಟಿ ಎಂಬಾಕೆ ಲಂಡನ್ನಿನಲ್ಲಿ ವಾಕ್ಕು ಮತ್ತು ಅಭಿನಯಗಳ ಶಿಕ್ಷಣಕ್ಕಾಗಿ ಸ್ಥಾಪಿಸಿದ ಸೆಂಟ್ರಲ್ ಸ್ಕೂಲ್, ಅದೇ ನಗರದ ಗೋಲ್ಡ್‌ಸ್ಮಿತ್ಸ್ ಕಾಲೇಜು, ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯ ಮೊದಲಾದ ಕಡೆಗಳಲ್ಲಿ ಈ ವಿಷಯದಲ್ಲಿ ಎಂ.ಎ. ಪದವಿಯು ಏರ್ಪಟ್ಟಿತು. ಸಾಮಾನ್ಯವಾಗಿ ಒಂದು ವರ್ಷದ ಪಾಠ. ಅದರಲ್ಲಿ ಕೆಲವು ತಿಂಗಳು ತತ್ತ್ವ ಮತ್ತು ಅಭ್ಯಾಸ, ಕೆಲವು ವಾರಗಳು ಶಾಲೆಯಲ್ಲೋ ಸೆರೆಮನೆಯಲ್ಲೋ ಕ್ಷೇತ್ರಾನುಭವ, ಕಡೆಗೊಂದು ಪ್ರಬಂಧ. ಭರತನ ಪರಿಭಾಷೆಯನ್ನು ಬಲ್ಲವರಿಗೆ 'ಅನ್ವಯಿಕ' ಎಂಬ ವಿಶೇಷಣವೇ ಹೆಚ್ಚೆಂದು ತೋರಿದರೆ ಆಶ್ಚರ್ಯವಿಲ್ಲ. ನಾಟಕವನ್ನು ಆಡುವುದಕ್ಕೆ ಆತನು ಕೊಟ್ಟ ಹೆಸರೇ 'ಪ್ರಯೋಗ'; ಪ್ರಯೋಗವಾಗದ ನಾಟ್ಯವು ನಾಟ್ಯವೇ ಅಲ್ಲ. ಆದರೂ ಒಂದು ಭೇದವುಂಟು. ಭರತನಲ್ಲಿ ಪ್ರಯೋಗವಾಗುವುದು ನಾಟ್ಯ. ಇಲ್ಲಿ ನಾಟ್ಯವೇ ಸಾಧನವಾಗಿ, ಪ್ರಯೋಗವು ಜನರ ಮೇಲೆ ನಡೆಯುತ್ತದೆಂಬ ಶಂಕೆಗೆ ಆ ಹೆಸರಿನಲ್ಲಿಯೇ ಆಸ್ಪದವಿದೆ.

ಈ ವಿದ್ಯೆಯ ಮೂಲವು ವಿಶ್ವವಿದ್ಯಾನಿಲಯದಲ್ಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1940ರ ನವೆಂಬರಿನಲ್ಲಿ, ಶತ್ರುವಿಮಾನಗಳ ದಾಳಿಗೆ ಸಿಕ್ಕಿ ಸುಟ್ಟುಹೋದ ಕವೆಂಟ್ರಿ ನಗರದಲ್ಲಿ 1958ರಲ್ಲಿ ಹೊಸದೊಂದು ನಾಟಕಶಾಲೆ ತೆರೆಯಿತು. ಬೆಲ್‌ಗ್ರೇಡ್ ನಗರದವರು ಮರಮುಟ್ಟನ್ನು ಕಾಣಿಕೆಯಾಗಿತ್ತುದರಿಂದ ಅದಕ್ಕೆ ಆ ಊರಿನ ಹೆಸರನ್ನೇ ಇಟ್ಟರು. 1965ರಲ್ಲಿ ಆ ನಾಟಕಶಾಲೆಯ ನಟರ ಒಂದು ಮೇಳ ಊರಿನ ಪಾಠಶಾಲೆಗಳಿಗೆ ಹೋಗಿ, ಮಕ್ಕಳನ್ನು ಬರಿಯ ಪ್ರೇಕ್ಷಕರನ್ನಾಗಿ ಕೂಡಿಸದೆ ಕಥೆಯೊಳಕ್ಕೆ ಸೇರಿಸಿಕೊಂಡು ಆಡತೊಡಗಿತು. 'ಶಿಕ್ಷಣದಲ್ಲಿ ರಂಗಭೂಮಿ' ಎಂದು ಈ ಕ್ರಮಕ್ಕೆ ಹೆಸರಾಯಿತು. ಖರ್ಚನ್ನು ಊರಿನ ಶಿಕ್ಷಣಾಡಳಿತವೇ ಬಹುಮಟ್ಟಿಗೆ ವಹಿಸುತ್ತಿದ್ದುದರಿಂದ ಶಾಲೆಗಳಿಗೆ ಭಾರವಿರಲಿಲ್ಲ. 1988ರ ಶಿಕ್ಷಣ ಕಾಯಿದೆಯಿಂದ ಶಾಲೆಗಳ ಹಣ ಶಾಲೆಗಳ ಕೈಗೇ ಹೋಗಿ, ಇಂಥ ಮೇಳಗಳಿಗೆ ಇದ್ದ ಆಧಾರ ಕುಸಿಯಿತು. ಅನೇಕ ಮೇಳಗಳು ಮುಚ್ಚಿದುವು. ಉಳಿದವರು ಆರೋಗ್ಯದ ಇಲಾಖೆ, ಅಪರಾಧನಿವಾರಣೆಯ ಇಲಾಖೆ, ಧರ್ಮದತ್ತಿಗಳು ಮುಂತಾದವರ ಬಾಗಿಲಿಗೆ ಹೋಗಬೇಕಾಯಿತು. 'ಅನ್ವಯಿಕ ರಂಗಭೂಮಿ' ಎಂಬ ಮಾತು ಬಳಕೆಗೆ ಬಂದುದು ಇದಾದ ಮೇಲೆ, ಕಳೆದ ಶತಮಾನದ ಕಡೆಯ ದಶಕದಲ್ಲಿ, ಎಂಬುದನ್ನು ಮನಸ್ಸಿನಲ್ಲಿಡಬೇಕು. ಹಣ ಕೊಡುವವನು ಫಲವನ್ನು ಕೇಳುತ್ತಾನೆ. ಫಲವನ್ನು ತೋರಿಸಬೇಕಾದವನು ಆಟದ ಗತಿಯನ್ನು ಫಲದ ಕಡೆಗೆ ತಿರುಗಿಸುತ್ತಾನೆ.

ಇದಕ್ಕೆ ಎದುರಾಗಿ ಮೊದಲು ಬರುವ ಆಕ್ಷೇಪವು ಕಲೆಯ ಪಕ್ಷದ್ದು: ಪ್ರಯೋಜನಕ್ಕಾಗಿ ಮಾಡಿದ ನಾಟಕವು ನಾಟಕವೇ ಅಲ್ಲ, ಅದು ಪ್ರಚಾರ ಎಂಬುದು. ಈ ವಾದವು ಹಳೆಯದು. ಇಲ್ಲಿ ಅದು ಬಹುದೂರ ಹೋಗಲಾರದು. ಪ್ರಭುವಿನಂತೆ ಆಜ್ಞಾಪಿಸುವುದು ವೇದ, ಮಿತ್ರನಂತೆ ತಿಳಿಯಹೇಳುವುದು ಪುರಾಣ, ಕಾಂತೆಯಂತೆ ಒಲಿಸಿ ಉಪದೇಶಿಸುವುದು ಕಾವ್ಯ ಎಂದ ಮಮ್ಮಟನು ಕಾವ್ಯಕ್ಕೆ ಪ್ರಯೋಜನವಿಲ್ಲವೆನ್ನಲಿಲ್ಲ. ಉಪದೇಶದ ರೀತಿಯಲ್ಲಿ ಭೇದವನ್ನು ಕಂಡನು, ಅಷ್ಟೆ. ಸೆರೆಮನೆಯಲ್ಲಿ ಆಡಿದ ನಾಟಕವೂ ಚೆನ್ನಾಗಿರಬಹುದು, ಅರಮನೆಯಲ್ಲಿ ಆಡಿದ ನಾಟಕವೂ ಕೆಟ್ಟಿರಬಹುದು. ವಿಚಾರಕ್ಕೆ ನಿಜವಾಗಿ ಅರ್ಹವಾದುದು ಬೇರೆಯ ಪ್ರಶ್ನೆ. ಒಬ್ಬನು ಬಡತನವನ್ನು ಅನುಭವಿಸುತ್ತಿದ್ದಾನೆ. ಮತ್ತೊಬ್ಬನು ಆ ಬಡತನವನ್ನು ಆಡಿಸುವ ವಿದ್ಯೆಯಲ್ಲಿ ಪದವಿಯನ್ನು ಪಡೆದು ಅವನ ಬಾಗಿಲಿಗೆ ಬಂದಿದ್ದಾನೆ. ಬಂದವನಿಗೆ ಅಧಿಕಾರವು ಎಲ್ಲಿಂದ ಬಂತು?

'ಅಧಿಕಾರ' ಎಂಬ ಶಬ್ದಕ್ಕೆ ಶಾಸ್ತ್ರದಲ್ಲಿ ಯೋಗ್ಯತೆ ಎಂದರ್ಥ. ಇಂದಿನ ಕನ್ನಡದಲ್ಲಿ ದರ್ಪ, ಆಳ್ವಿಕೆ ಎಂದರ್ಥ. ಪದವೀಪತ್ರದಿಂದ ಮೊದಲನೆಯದು ದೊರೆಯಬೇಕೆಂದು ಎಲ್ಲರ ಆಶಯ. ಎರಡನೆಯದು ಯಾರ ಆಶಯವನ್ನೂ ಕೇಳದೆ ತಾನೇ ಹಿಂಬಾಲಿಸಿ ಬರುತ್ತದೆ.

ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ನಾಟ್ಯೋತ್ಪತ್ತಿಯ ಕಥೆಯೆಂದು ಓದುವುದು ವಾಡಿಕೆ. ಅದನ್ನು ಅಧಿಕಾರದ ಕಥೆಯೆಂದೂ ಓದಬಹುದು. ಬ್ರಹ್ಮನು ಹೊಸ ವೇದವನ್ನು ರಚಿಸಿ ದೇವತೆಗಳಿಂದ ಆಡಿಸೆಂದಾಗ, ಅದನ್ನು ಗ್ರಹಿಸುವುದಕ್ಕೂ ಧಾರಣಮಾಡುವುದಕ್ಕೂ ಪ್ರಯೋಗಿಸುವುದಕ್ಕೂ ದೇವತೆಗಳು ಸಮರ್ಥರಲ್ಲವೆಂದು ಇಂದ್ರನೇ ಒಪ್ಪಿಕೊಂಡನು. ಹೀಗೆ ಭರತನೂ ಅವನ ನೂರು ಮಕ್ಕಳೂ ನಟರಾದರು. ಇಂದ್ರಧ್ವಜದ ಉತ್ಸವದಲ್ಲಿ ನಡೆದ ಮೊದಲನೆಯ ಪ್ರಯೋಗದ ವಸ್ತುವು ದೈತ್ಯರ ಸೋಲು. ಸೋತವರು ಸಭೆಯಲ್ಲಿಯೇ ಇದ್ದರು. ಅವರು ಸಿಟ್ಟಾಗಿ ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭಿಸಿಬಿಟ್ಟರು. ಇಂದ್ರನು ಜರ್ಜರವೆಂಬ ಧ್ವಜದಂಡದಿಂದ ಹೊಡೆದು ಅವರನ್ನು ಅಡಗಿಸಿದನು. ವಿಶ್ವಕರ್ಮನು ಕಾವಲಿಗೆಂದು ನಾಟ್ಯಗೃಹವನ್ನು ಕಟ್ಟಿದನು. ಇಷ್ಟಾದರೂ ಕಲಹವು ತೀರಲಿಲ್ಲ. ಕಡೆಗೆ ಬ್ರಹ್ಮನು ದೈತ್ಯರನ್ನು ಕರೆದು ಕಾರಣವನ್ನು ಕೇಳಿದನು. ದೇವತೆಗಳ ಇಷ್ಟಕ್ಕಾಗಿ ನಮ್ಮನ್ನು ಕಡೆಗಾಣಿಸಿದೆ, ನೀನು ನಮಗೂ ಪಿತಾಮಹನಲ್ಲವೆ, ಎಂಬುದು ಅವರ ಆಕ್ಷೇಪ. ಬ್ರಹ್ಮನು ಆ ಆಕ್ಷೇಪವನ್ನು ಹುಚ್ಚೆಂದು ತಳ್ಳಲಿಲ್ಲ. ಇದು ನಿಮ್ಮೊಬ್ಬರದಲ್ಲ, ದೇವತೆಗಳದೂ ಅಲ್ಲ, ಮೂರು ಲೋಕದ ಭಾವಗಳ ಅನುಕೀರ್ತನ ಎಂದು ಸಮಾಧಾನ ಹೇಳಿದನು. ಸಮಾಧಾನವು ದೊಡ್ಡದೇ. ಆದರೆ ಮೂಲದಲ್ಲಿರುವ ಸಂಗತಿಯನ್ನು ಅದು ಅಳಿಸುವುದಿಲ್ಲ: ಲೋಕದ ಪ್ರಥಮ ನಾಟಕದಲ್ಲಿ ಗೆದ್ದವರು ಸೋತವರ ಕಥೆಯನ್ನು ಸೋತವರ ಎದುರಿನಲ್ಲಿ, ಅವರನ್ನು ಕೇಳದೆ, ಆಡಿಸಿದರು.

ಇದೇ ತಪ್ಪು ಬ್ರೆಜಿಲ್ ದೇಶದಲ್ಲಿ ಒಬ್ಬ ಸಾಧುವಾದ ನಾಟಕಕಾರನಿಗೆ ಬೇರೆ ವೇಷದಲ್ಲಿ ಎದುರಾಯಿತು. ಆಗಸ್ಟೊ ಬೋಆಲ್ 1931ರಲ್ಲಿ ರಿಯೋ ನಗರದಲ್ಲಿ ಹುಟ್ಟಿದವರು. 1956ರಿಂದ ಸಾವೊ ಪಾಲೊ ನಗರದ ಅರೆನಾ ನಾಟಕಶಾಲೆಯಲ್ಲಿ ನಿರ್ದೇಶಕರಾಗಿದ್ದರು. 1960ರ ದಶಕದ ಮೊದಲಲ್ಲಿ ಅವರ ಮೇಳವು ದೇಶದ ಈಶಾನ್ಯಭಾಗದ ಬಡ ರೈತರ ನಡುವೆ ಸಂಚರಿಸುತ್ತಿತ್ತು. ಭೂಮಿಯನ್ನು ಜಮೀನುದಾರರಿಂದ ಬಿಡಿಸಿಕೊಳ್ಳಲು ರಕ್ತವನ್ನು ಚೆಲ್ಲಬೇಕೆಂದು ನಟರು ಬಂದೂಕುಗಳನ್ನು ಎತ್ತಿ ಹಾಡುವುದರೊಂದಿಗೆ ನಾಟಕ ಮುಗಿಯುತ್ತಿತ್ತು. ಒಂದು ದಿನ ಆಟವಾದ ಮೇಲೆ ವಿರ್ಜೀಲಿಯೊ ಎಂಬ ರೈತನು ಕಣ್ಣೀರಿನೊಡನೆ ಬಂದು ಅವರನ್ನು ಅಪ್ಪಿಕೊಂಡನು. ನೀವೂ ನಮ್ಮಂತೆಯೇ ಯೋಚಿಸುವವರು. ಊಟಮಾಡಿ ಹೊರಡೋಣ, ನಮ್ಮವನೊಬ್ಬನ ಹೊಲವನ್ನು ಆಕ್ರಮಿಸಿರುವ ದೊಡ್ಡವನ ಆಳುಗಳನ್ನು ಓಡಿಸೋಣ, ನಿಮ್ಮ ಬಂದೂಕುಗಳನ್ನೂ ತನ್ನಿ ಎಂದನು. ನಟರು ಮುಖಮುಖ ನೋಡಿಕೊಂಡರು. ಬಂದೂಕುಗಳು ಮರದವೆಂದು ವಿವರಿಸಿದರು. ಪರವಾಗಿಲ್ಲ, ನಮ್ಮಲ್ಲಿ ಎಲ್ಲರಿಗೂ ಸಾಕಾಗುವಷ್ಟು ನಿಜವಾದ ಬಂದೂಕುಗಳಿವೆ ಎಂದನು ರೈತ. ಬಂದೂಕು ಸುಳ್ಳಾದರೂ ತಾವು ನಿಜವಾದವರೆಂದು ಹೇಳಿಕೊಂಡಿದ್ದ ನಟರು ಆಗ, ತಾವು ನಿಜವಾದ ಕಲಾವಿದರೇ ಹೊರತು ನಿಜವಾದ ರೈತರಲ್ಲವೆಂದು ತಡವರಿಸಿದರು. ಹಾಗಾದರೆ ನೀವು ಚೆಲ್ಲಬೇಕೆಂದು ಹಾಡಿದ ರಕ್ತವು ನಮ್ಮದು, ನಿಮ್ಮದಲ್ಲ ಎಂಬ ಅರ್ಥದ ಒಂದು ಮಾತನ್ನಾಡಿ ವಿರ್ಜೀಲಿಯೊ ಅಲ್ಲಿಂದ ಹೊರಟುಹೋದನು.

ಬೋಆಲ್ ಈ ಸಂಗತಿಯನ್ನು ತಮ್ಮ ಗ್ರಂಥದಲ್ಲಿ ತಾವೇ ಬರೆದಿದ್ದಾರೆ. ಮತ್ತೆ ಅವನನ್ನು ಕಾಣಲಾಗಲಿಲ್ಲವೆಂದೂ, ಅಂದಿನಿಂದ ತಾವು ಸ್ವತಃ ಮಾಡಲು ಸಿದ್ಧರಿಲ್ಲದ ಕೆಲಸವನ್ನು ಮಾಡಿರೆಂದು ಜನರಿಗೆ ಉಪದೇಶಿಸುವ ನಾಟಕವನ್ನು ಬಿಟ್ಟೆವೆಂದೂ ಅವರ ನಿವೇದನೆ. ವಿರ್ಜೀಲಿಯೊ ಆಡಿದ ಮಾತು ಎಷ್ಟು ಸರಳವೋ ಅಷ್ಟೇ ಅಪರಿಹಾರ್ಯ. ನಾಟಕವು ಕೆಟ್ಟದ್ದೆಂದು ಅವನು ಹೇಳಲಿಲ್ಲ. ಅದು ಅವನನ್ನು ಅಳಿಸಿತ್ತು, ಎಬ್ಬಿಸಿತ್ತು. ರಸದೃಷ್ಟಿಯಿಂದ ಅದಕ್ಕಿಂತ ಸಹೃದಯನಾದ ಪ್ರೇಕ್ಷಕನು ದೊರೆಯಲಾರನು. ಕಥೆಯು ಅವನದು, ಆಟವು ಅವರದು; ಫಲವಾಗಿ ಬರುವ ಗುಂಡೇಟು ಅವನದು, ಕೀರ್ತಿಯು ಅವರದು. ಈ ಲೆಕ್ಕದ ಅನ್ಯಾಯವನ್ನು ಅವನು ಒಂದು ವಾಕ್ಯದಲ್ಲಿ ಕಾಣಿಸಿಕೊಟ್ಟನು. ಪದವಿಯ ಪಾಠಪಟ್ಟಿಯಲ್ಲಿ ಎಷ್ಟು ಗ್ರಂಥಗಳಿದ್ದರೂ ಅವು ಆ ಒಂದು ವಾಕ್ಯಕ್ಕೆ ವ್ಯಾಖ್ಯಾನಗಳೆಂದರೆ ಅತಿಶಯೋಕ್ತಿಯಾಗದು.

ಬೋಆಲರ ಎರಡನೆಯ ಪಾಠ ಪೆರು ದೇಶದಲ್ಲಾಯಿತು. 1971ರಲ್ಲಿ ಬ್ರೆಜಿಲಿನ ಸೈನಿಕ ಸರ್ಕಾರವು ಅವರನ್ನು ಹಿಡಿದು ಹಿಂಸಿಸಿದ ಮೇಲೆ ದೇಶಭ್ರಷ್ಟರಾಗಿದ್ದ ಅವರು 1973ರಲ್ಲಿ ಅಲ್ಲಿಯ ಸಾಕ್ಷರತಾ ಯೋಜನೆಯಲ್ಲಿ ಕೆಲಸಮಾಡುತ್ತಿದ್ದರು. ಪ್ರೇಕ್ಷಕರು ಒಂದು ಸಂಕಟವನ್ನು ಹೇಳುವುದು, ನಟರು ಅದನ್ನು ಆಡುವುದು, ಮುಂದೇನಾಗಬೇಕೆಂದು ಪ್ರೇಕ್ಷಕರು ಸೂಚಿಸುವುದು, ನಟರು ಅದರಂತೆ ಮುಂದುವರಿಸುವುದು, ಇದು ಆಗಿನ ಕ್ರಮ. ಗಂಡನು ಭದ್ರವಾಗಿಡೆಂದು ಕೊಟ್ಟಿದ್ದ ಕಾಗದಗಳನ್ನು ಓದಲು ಬಾರದ ಹೆಂಡತಿ ಬಹುಕಾಲ ಜೋಪಾನ ಮಾಡಿಟ್ಟು, ಬೇರೊಬ್ಬರಿಂದ ಓದಿಸಿದಾಗ ಅವು ಅವನ ಪ್ರಿಯತಮೆಯ ಪತ್ರಗಳೆಂದು ತಿಳಿದ ಕಥೆ ಒಂದು ದಿನ ಬಂತು. ಗಂಡನೊಡನೆ ಚೊಕ್ಕವಾಗಿ ಮಾತಾಡಬೇಕೆಂದು ಸಭೆಯಲ್ಲಿದ್ದ ದೊಡ್ಡ ಮೈಯ ಒಬ್ಬ ಹೆಂಗಸು ಸೂಚಿಸಿದಳು. ನಟಿಯು ಮಾತಾಡಿದಳು. ಹಾಗಲ್ಲ ಎಂದಳು ಆ ಹೆಂಗಸು. ನಟಿಯು ಮತ್ತಷ್ಟು ಗಟ್ಟಿಯಾಗಿ ಮಾತಾಡಿದಳು. ಹಾಗೂ ಅಲ್ಲ. ಕೊನೆಗೆ ಬೇಸತ್ತು, ನೀವೇ ಬಂದು ತೋರಿಸಿ ಎಂದು ಕರೆದರು. ಅವಳು ರಂಗಕ್ಕೆ ಹತ್ತಿ, ಪೊರಕೆಯನ್ನು ಹಿಡಿದು, ಗಂಡನ ಪಾತ್ರದ ನಟನನ್ನು ಚೆನ್ನಾಗಿ ಬಾರಿಸಿ, ಆಮೇಲೆ ಕ್ಷಮಿಸಿ ಊಟಕ್ಕೆ ಬಡಿಸೆಂದಳು. ಚೊಕ್ಕವಾದ ಮಾತು ಎಂದರೆ ಏನೆಂಬುದು ಆಗ ಎಲ್ಲರಿಗೂ ತಿಳಿಯಿತು. ಪ್ರೇಕ್ಷಕನೇ ಎದ್ದು ಬಂದು ನಟನಾಗುವ 'ಫೋರಂ' ನಾಟಕವು ಹೀಗೆ ಹುಟ್ಟಿತೆಂದು ಬೋಆಲ್ ಹೇಳುತ್ತಾರೆ. 1986ರಲ್ಲಿ ಸ್ವದೇಶಕ್ಕೆ ಮರಳಿದ ಅವರು 1993ರಿಂದ 1996ರವರೆಗೆ ರಿಯೋ ನಗರಸಭೆಯ ಸದಸ್ಯರಾಗಿ, ಬೀದಿಯ ಇಂಥ ನಾಟಕಗಳಿಂದ ಬಂದ ಸೂಚನೆಗಳನ್ನು ಸಭೆಯಲ್ಲಿ ಮಂಡಿಸಿ 13 ಕಾಯಿದೆಗಳನ್ನು ಮಾಡಿಸಿದರು. 2009ರಲ್ಲಿ ತೀರಿಕೊಂಡರು.

ವಿರ್ಜೀಲಿಯೊಗೆ ಇದರಿಂದ ಉತ್ತರ ದೊರೆಯಿತೆ? ಅರ್ಧ ದೊರೆಯಿತು. ಕಥೆಯ ಅಂತ್ಯವು ನಟರ ಕೈಯಿಂದ ಜನರ ಕೈಗೆ ಬಂತು. ಆದರೆ ಆಟ ಮುಗಿದ ಮೇಲೆ ಮೇಳವು ಊರು ಬಿಡುತ್ತದೆ. ರಂಗದ ಮೇಲೆ ಪೊರಕೆ ಹಿಡಿದವಳು ಅದೇ ಗಂಡನ ಮನೆಗೆ ಹೋಗುತ್ತಾಳೆ. ಮ್ಯಾಂಚೆಸ್ಟರಿನ ಜೇಮ್ಸ್ ಥಾಂಪ್ಸನ್ ಈ ವಿದ್ಯೆಯ ಪ್ರಮುಖರಲ್ಲೊಬ್ಬರು. ಸೆರೆಮನೆಗಳಲ್ಲಿ ನಾಟಕ ಮಾಡಿಸುವುದಕ್ಕಾಗಿ 1992ರಲ್ಲಿ ಅಲ್ಲಿ ಸ್ಥಾಪಿತವಾದ ಕೇಂದ್ರದ ಸ್ಥಾಪಕರಲ್ಲಿ ಅವರೂ ಸೇರಿದ್ದಾರೆ. 2000ದಲ್ಲಿ ಅವರು ಸಿಂಹಳದ್ವೀಪದ ಬಿಂದುನುವೆವ ಎಂಬಲ್ಲಿ, ತಮಿಳು ತರುಣರನ್ನು ಇಟ್ಟಿದ್ದ ಪುನರ್ವಸತಿ ಶಿಬಿರದಲ್ಲಿ ನಾಟಕದ ಅಭ್ಯಾಸಗಳನ್ನು ನಡೆಸಿದರು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ಅಕ್ಟೋಬರ್ 25ರಂದು, ಸುತ್ತಿನ ಜನರ ಗುಂಪೊಂದು ಶಿಬಿರಕ್ಕೆ ನುಗ್ಗಿ 20ಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಕೊಲೆಗೆ ನಾಟಕವು ಕಾರಣವೆಂದು ಯಾರೂ ಹೇಳಲಾರರು. ಆದರೆ ಥಾಂಪ್ಸನ್ 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಕೆಲಸಕ್ಕೂ ಆ ದುರಂತಕ್ಕೂ ನಡುವೆ ಇರಬಹುದಾದ ಸಂಬಂಧವನ್ನು ಬಚ್ಚಿಡದೆ ವಿಚಾರಿಸಿದ್ದಾರೆ. ಮೇಲೆ ನಗುವಿದ್ದ ಎಡೆಯಲ್ಲಿ ಕೆಳಗೆ ಏನಿತ್ತೆಂದು ಹೊರಗಿನಿಂದ ಬಂದವನು ಹೇಗೆ ಬಲ್ಲನು? ಶಿಷ್ಯನಿಗೆ ಕಲಿಸಬೇಕಾದ ಮೊದಲ ಪಾಠವು ಇಂಥ ಪ್ರಶ್ನೆಯೇ ಹೊರತು ಮೈಸಡಲಿಸುವ ಆಟಗಳಲ್ಲ. ದುರ್ದೈವದಿಂದ, ಮೈಸಡಲಿಸುವ ಆಟಗಳನ್ನು ಕಲಿಸುವುದು ಬಹಳ ಸುಲಭ.

ಕನ್ನಡನಾಡಿನ ಹಳ್ಳಿಗಳಲ್ಲಿಯೂ ಹೊರಗಿನವನು ಬಂದು ಊರವರಿಂದ ನಾಟಕವಾಡಿಸುವ ಪದ್ಧತಿಯುಂಟೆಂಬುದನ್ನು ಇಲ್ಲಿ ನೆನೆಯಬಹುದು. ಬಯಲಾಟದ ಭಾಗವತನು, ಹಳೆಯ ಮೈಸೂರು ಸೀಮೆಯ ಹಾರ್ಮೋನಿಯಂ ಮೇಷ್ಟರು, ಪರಸ್ಥಳದಿಂದ ಬಂದು ತಿಂಗಳುಗಟ್ಟಲೆ ಊರಲ್ಲಿ ನಿಂತು, ಉತ್ತು ಬಂದವರಿಗೆ ರಾತ್ರಿಯಲ್ಲಿ ಕುರುಕ್ಷೇತ್ರದ ಮಾತನ್ನೂ ಮಟ್ಟನ್ನೂ ಹೇಳಿಕೊಡುತ್ತಾರೆ. ಮೇಷ್ಟರಿಗೆ ಪದವಿಯಿಲ್ಲ, ತತ್ತ್ವವಿಲ್ಲ. ಒಮ್ಮೊಮ್ಮೆ ಬೈಗುಳವೂ ಬೆತ್ತವೂ ಉಂಟು. ಆದರೂ ಆ ಸಂಬಂಧದಲ್ಲಿ ಒಂದು ನ್ಯಾಯವಿದೆ. ಅವರಿಗೆ ವೀಳ್ಯ ಕೊಟ್ಟು ಕರೆದವರು ಊರವರು. ಯಾವ ನಾಟಕವೆಂದು ಗೊತ್ತುಮಾಡುವವರು ಊರವರು. ಭೀಮನ ಪಾತ್ರ ಯಾರಿಗೆಂದು ಜಗಳವಾಡುವವರೂ ಅವರೇ. ಮೇಷ್ಟರು ಸರಿಬೀಳದಿದ್ದರೆ ಲೆಕ್ಕ ತೀರಿಸಿ ಕಳುಹಿಸುವ ಸ್ವಾತಂತ್ರ್ಯವೂ ಅವರದೇ. ಅನ್ವಯಿಕ ರಂಗಭೂಮಿಯಲ್ಲಿ ಈ ವ್ಯವಸ್ಥೆಯು ಅನೇಕವೇಳೆ ತಲೆಕೆಳಗಾಗಿದೆ. ವೀಳ್ಯವನ್ನು ಕೊಡುವವನು ದೂರದಲ್ಲಿರುವ ಇಲಾಖೆ, ಆಡುವವರು ಬೇರೆ. ಮೇಷ್ಟರು ಯಾರಿಗೆ ಲೆಕ್ಕ ಒಪ್ಪಿಸಬೇಕು?

ವೀಳ್ಯವು ಸರಿಯಾದ ಕಡೆಯಿಂದ ಬಂದರೆ ಏನಾಗುತ್ತದೆಂಬುದಕ್ಕೆ ಆಫ್ರಿಕಾ ಖಂಡದ ಕೆನ್ಯಾ ದೇಶದಲ್ಲಿ ಒಂದು ನಿದರ್ಶನವುಂಟು. 1976ರಲ್ಲಿ ಲಿಮುರು ಪ್ರದೇಶದ ಕಾಮಿರೀತು ಗ್ರಾಮದ ಒಬ್ಬ ಹೆಂಗಸು ಗೂಗಿ ವಾ ಥಿಯೊಂಗೊ ಎಂಬ ಪ್ರಸಿದ್ಧ ಲೇಖಕರ ಮನೆಗೆ ಬಂದು, ಕಲಿತವರು ತಮ್ಮ ಕಲಿಕೆಯಲ್ಲಿ ಸ್ವಲ್ಪವನ್ನು ಹಳ್ಳಿಗೇಕೆ ಕೊಡಬಾರದೆಂದು ಕೇಳಿದಳು. ಒಂದು ಸಲ ಕೇಳಿ ಸುಮ್ಮನಾಗಲಿಲ್ಲ. ವಾರ ವಾರವೂ ಬಂದು ಪೀಡಿಸಿದಳು. ಗೂಗಿ ಮತ್ತು ಅವರ ಮಿತ್ರ ಗೂಗಿ ವಾ ಮಿರಿಯೆ ಗಿಕುಯು ಭಾಷೆಯಲ್ಲಿ ನಾಟಕದ ಕರಡನ್ನು ಬರೆದುಕೊಟ್ಟರು. ಗ್ರಾಮಸ್ಥರು ಅದನ್ನು ಪೂಜೆಗಿಡಲಿಲ್ಲ. ಮುದುಕನು ಹೀಗೆ ಮಾತಾಡುವುದಿಲ್ಲ, ಕಾರ್ಖಾನೆಯಲ್ಲಿ ಕೂಲಿಯ ಲೆಕ್ಕ ಹೀಗಲ್ಲ ಎಂದು ತಿದ್ದಿದರು. ಸುಮಾರು 2000 ಜನ ಕೂರಬಹುದಾದ ಬಯಲು ರಂಗಶಾಲೆಯನ್ನು ತಾವೇ ಕಟ್ಟಿದರು. 1977ರ ಅಕ್ಟೋಬರಿನಲ್ಲಿ ಆಟ ಆರಂಭವಾಯಿತು. ನವೆಂಬರಿನಲ್ಲಿ ಸರ್ಕಾರವು ಅಪ್ಪಣೆಯನ್ನು ಹಿಂತೆಗೆದುಕೊಂಡಿತು. ಡಿಸೆಂಬರ್ 31ರಂದು ಗೂಗಿ ಬಂಧಿತರಾಗಿ ಸುಮಾರು ಒಂದು ವರ್ಷ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದರು. 1982ರಲ್ಲಿ ರಂಗಶಾಲೆಯನ್ನು ನೆಲಸಮ ಮಾಡಿಸಿದರು. ಇಲ್ಲಿಯೂ ಕಷ್ಟವು ಬಂತು, ಬೋಆಲರ ಹಾಡಿನಲ್ಲಿದ್ದುದಕ್ಕಿಂತ ನಿಜವಾದ ಕಷ್ಟ. ಆದರೆ ಅದರ ಪಾಲು ಕರೆದವರಿಗೂ ಬಂತು, ಕರೆಸಿಕೊಂಡವರಿಗೂ ಬಂತು. ವಿರ್ಜೀಲಿಯೊ ಇದನ್ನು ಕಂಡಿದ್ದರೆ ಎದ್ದು ಹೋಗುತ್ತಿರಲಿಲ್ಲ.

ಹಾಗಾದರೆ ಕರೆಯದ ಎಡೆಗೆ ಹೋಗಲೇಬಾರದೆಂದು ನಿಯಮ ಮಾಡಬಹುದೆ? ಈ ನಿಯಮವು ನೋಡುವುದಕ್ಕೆ ಶುದ್ಧವಾಗಿದೆ. ಆಚರಣೆಯಲ್ಲಿ ಅದು ನಿರ್ದಯವಾದೀತು. ಮನೆಯಲ್ಲಿ ಪೆಟ್ಟು ತಿನ್ನುವ ಮಗು ಯಾರಿಗೂ ವೀಳ್ಯ ಕೊಡಲಾರದು. ಸೆರೆಮನೆಯ ಗೋಡೆಯೊಳಗಿರುವವನು ಮೇಷ್ಟರನ್ನು ಕರೆಸಲಾರನು. ಕರ್ನಾಟಕದ ಸೆರೆಮನೆಗಳಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕಗಳನ್ನಾಡಿಸಿದಾಗ, ಕೊಲೆಗಾರರೆಂದು ಊರು ಮರೆತವರನ್ನು ಅದೇ ಊರಿನವರು ಸಭಾಂಗಣದಲ್ಲಿ ಕೂತು ನೋಡುವಂತಾಯಿತು. ಕರೆ ಬರಲೆಂದು ಕಾದಿದ್ದರೆ ಅದಾಗುತ್ತಿರಲಿಲ್ಲ. ಆದುದರಿಂದ ಕರೆಯದೆ ಹೋಗುವುದು ದೋಷವಲ್ಲ, ಅದೊಂದು ಋಣ. ಕರೆದು ಹೋದವನಿಗಿಲ್ಲದ ಹೊಣೆಗಳು ಕರೆಯದೆ ಹೋದವನಿಗುಂಟು. ಅವುಗಳಲ್ಲಿ ಹಿರಿದಾದುದು, ಒಲ್ಲೆನೆನ್ನುವವನಿಗೆ ಒಲ್ಲೆನೆನ್ನಲು ಎಡೆಯನ್ನು ಮಾಡಿಕೊಡುವುದು. ಇದು ಕೇಳುವುದಕ್ಕೆ ಅಲ್ಪವೆನಿಸಬಹುದು. ಸೆರೆಮನೆಯಲ್ಲಿ ನಾಟಕಕ್ಕೆ ಸೇರಿದರೆ ಮೇಲಧಿಕಾರಿಯ ವರದಿಯಲ್ಲಿ ಒಳ್ಳೆಯ ಮಾತು ಬರಬಹುದು, ಸೇರದಿದ್ದರೆ ಬಾರದಿರಬಹುದು ಎಂಬ ಎಣಿಕೆ ಇರುವಲ್ಲಿ ಕೈದಿಯ ಒಪ್ಪಿಗೆಯು ಎಷ್ಟರಮಟ್ಟಿಗೆ ಒಪ್ಪಿಗೆ? ಗುರುವು ನಿನ್ನ ಮನೆಯ ಕಷ್ಟವನ್ನು ಆಡಿ ತೋರಿಸು ಎಂದಾಗ ತರಗತಿಯ ನಡುವೆ ನಿಂತ ಹುಡುಗಿಯು ಹೇಗೆ ಆಗದೆಂದಾಳು? ನಾಚಿಕೆಯಿಂದ ಸುಮ್ಮನಿದ್ದವಳನ್ನು 'ತೆರೆಸಿದ'ನೆಂದು ಆಡಿಸುವವನು ಹಿಗ್ಗುವುದುಂಟು. ಬಾಗಿಲನ್ನು ಹೊರಗಿನಿಂದ ತೆರೆದವನಿಗೆ ಬೇರೆ ಹೆಸರುಂಟು.

ಈ ವಿಷಯದಲ್ಲಿ ಡೊರೊಥಿ ಹೀತ್‌ಕೋಟ್ ಎಂಬ ಆಂಗ್ಲ ಉಪಾಧ್ಯಾಯಿನಿಯ ಕ್ರಮವು ವಿಚಾರಕ್ಕೆ ಯೋಗ್ಯ. ಆಕೆ 1926ರಲ್ಲಿ ಹುಟ್ಟಿ, 14ನೆಯ ವಯಸ್ಸಿಗೆ ಶಾಲೆ ಬಿಟ್ಟು, ಉಣ್ಣೆಯ ಗಿರಣಿಯಲ್ಲಿ ನೇಯ್ಗೆಗೆ ಸೇರಿದವಳು. ನಾಟಕಶಾಲೆಗೆ ಸೇರಲು ಗಿರಣಿಯ ಯಜಮಾನನೇ ಸಹಾಯಮಾಡಿದನು. ಕೈಗೂಡದಿದ್ದರೆ ಆಕೆಯ ಮಗ್ಗಗಳು ಆಕೆಗಾಗಿ ಕಾದಿರುತ್ತವೆಂದು ಭರವಸೆಯಿತ್ತನು. ಮಗ್ಗಗಳು ಕಾದೇ ಉಳಿದುವು. 1950ರಿಂದ 1986ರವರೆಗೆ ನ್ಯೂಕಾಸಲಿನ ವಿಶ್ವವಿದ್ಯಾನಿಲಯದಲ್ಲಿ ಅವರು ಉಪಾಧ್ಯಾಯರಿಗೆ ಶಿಕ್ಷಣ ಕೊಟ್ಟರು, 2011ರಲ್ಲಿ ತೀರಿಕೊಂಡರು. ಅವರ ತರಗತಿಯಲ್ಲಿ ಉಪಾಧ್ಯಾಯನು ತಾನೂ ಒಂದು ಪಾತ್ರವಾಗುತ್ತಾನೆ, ಅದೂ ಬಹುವೇಳೆ ತಿಳಿಯದವನ, ನೆರವು ಬೇಡುವವನ ಪಾತ್ರ. ಬಲ್ಲವರ ಪಾತ್ರವು ಮಕ್ಕಳದು. ಮಕ್ಕಳ ಸ್ವಂತ ಕಷ್ಟವನ್ನು ಅವರು ಕೆದಕಲಿಲ್ಲ. ಒಂದು ಕಲ್ಪಿತ ಕಥೆಯನ್ನು ನಡುವೆ ಇಟ್ಟರು. ಕಷ್ಟವಿದ್ದ ಮಗುವು ಬೇಕೆಂದರೆ ಆ ಕಥೆಯ ಮರೆಯಲ್ಲಿ ನಿಂತು ಮಾತಾಡಬಹುದಾಗಿತ್ತು, ಬೇಡವೆಂದರೆ ಕಥೆಯನ್ನು ಕಥೆಯಾಗಿಯೇ ಆಡಿ ಮುಗಿಸಬಹುದಾಗಿತ್ತು. ಬಣ್ಣ ಹಚ್ಚಿಕೊಂಡ ದುರ್ಯೋಧನನ ಬಾಯಿಯಲ್ಲಿ ಹಳ್ಳಿಯ ಕೂಲಿಗಾರನು ಯಜಮಾನನ ಎದುರಿಗೇ ಗರ್ಜಿಸಿದಾಗ, ಯಾರ ಮೇಲಿನ ಕೋಪವದೆಂದು ಯಾರೂ ಕೇಳುವುದಿಲ್ಲ. ವೇಷಕ್ಕಿರುವ ಈ ರಕ್ಷಣೆಯನ್ನು ತೆಗೆದು, ನಿನ್ನ ಕಥೆಯನ್ನು ನೀನಾಗಿಯೇ ಹೇಳೆಂದು ಒತ್ತಾಯಪಡಿಸುವುದನ್ನು ಪ್ರಾಮಾಣಿಕತೆಯೆಂದು ಭಾವಿಸುವುದು ಈ ಕಾಲದ ಭ್ರಮೆಗಳಲ್ಲೊಂದು.

ಇಷ್ಟನ್ನು ಶಾಲೆಯಲ್ಲಿ ಕಲಿಸಬಹುದೆ? ಸ್ವಲ್ಪಮಟ್ಟಿಗೆ ಕಲಿಸಬಹುದು. ಹೀತ್‌ಕೋಟರ ಕ್ರಮವನ್ನು ಕಲಿಸಬಹುದು, ಬೋಆಲರ ಕ್ರಮವನ್ನು ಕಲಿಸಬಹುದು. ಸುಮ್ಮನಿರುವುದನ್ನು ಕಲಿಸುವುದು ಕಷ್ಟ. ಆದರೂ ಒಳ್ಳೆಯ ಗುರುವಿನ ಹತ್ತಿರ ಒಂದು ವರ್ಷವಿದ್ದವನಿಗೆ ಅದರ ರುಚಿ ಹತ್ತಬಹುದು. ಪದವಿಯ ವ್ಯವಸ್ಥೆಯೇ ಅಡ್ಡ ಬರುವ ಎಡೆ ಒಂದಿದೆ, ಅದು ಪರೀಕ್ಷೆ. ವಿದ್ಯಾರ್ಥಿಯು ಕೆಲವು ವಾರ ಒಂದು ಕೇರಿಯಲ್ಲಿದ್ದು, ಅಲ್ಲಿಯ ವಿಧವೆಯರಿಂದಲೋ ನಿರಾಶ್ರಿತರಿಂದಲೋ ನಾಟಕವಾಡಿಸಿ, ಹಿಂದಿರುಗಿ ಪ್ರಬಂಧವನ್ನು ಬರೆಯುತ್ತಾನೆ. ಅವರ ಹೆಸರುಗಳನ್ನು ಮುಚ್ಚಿರುತ್ತಾನೆ, ಅದು ನಿಯಮ. ಅವರ ಕಣ್ಣೀರು ಉದಾಹರಣೆಯಾಗುತ್ತದೆ, ಅವರ ನಗೆ ಪ್ರಮಾಣವಾಗುತ್ತದೆ. ಪರೀಕ್ಷಕರಿಬ್ಬರು ಓದಿ ಅಂಕ ಕೊಡುತ್ತಾರೆ. ಆ ವಿಧವೆಯರು ಅದನ್ನು ಕಾಣುವುದು ಅಪರೂಪ. ಕಂಡರೂ ಅದರ ಭಾಷೆಯು ಅವರದಲ್ಲ. ದೈತ್ಯರಿಗಾದರೋ ಸಭೆಯಲ್ಲಿ ಕೂರಲು ಎಡೆಯಿತ್ತು, ಎದ್ದು ನಿಂತು ಕೇಳಲು ಒಬ್ಬ ಪಿತಾಮಹನಿದ್ದನು.

ಇದಕ್ಕೆ ದೊಡ್ಡ ಸುಧಾರಣೆಗಳೇನೂ ಬೇಕಿಲ್ಲ. ಪ್ರಬಂಧವನ್ನು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸುವ ಮೊದಲು ವಿದ್ಯಾರ್ಥಿಯು ಅದನ್ನು ಎತ್ತಿಕೊಂಡು ಮತ್ತೆ ಆ ಕೇರಿಗೆ ಹೋಗಲಿ; ಅವರ ನುಡಿಯಲ್ಲಿ, ಅವರ ಬಿಡುವಿನ ವೇಳೆಯಲ್ಲಿ, ಅವರ ವಿಷಯವಾಗಿ ಬರೆದ ಭಾಗವನ್ನು ಓದಿ ಹೇಳಲಿ. ಇದು ಹೀಗಲ್ಲ ಎಂದು ಅವರು ತಿದ್ದಿದುದನ್ನು ತಿದ್ದಲಿ, ಇದು ಬೇಡ ಎಂದುದನ್ನು ಹರಿದುಹಾಕಲಿ. ಹಾಗೆ ಹರಿದುಹಾಕಿದ ಮೇಲೆ ಉಳಿದ ಪುಟಗಳು ತೀರ ಕಡಮೆಯಾದರೆ, ಆ ಕಡಮೆಗೆ ಅಂಕ ಕಳೆಯದಂತೆ ಪರೀಕ್ಷಾಮಂಡಲಿಯವರು ಒಂದು ನಿಬಂಧನೆಯನ್ನು ಮಾಡಿಕೊಳ್ಳಬೇಕಾಗುತ್ತದೆ.